ಕದ್ದಾಲಿಸುವ ಕಾನೂನು ಮತ್ತು ಕೇಳದೆ ಕುಳಿತ ನಾವು

ಊರಿಗೆ ಸಂಸದರು ಬರುತ್ತಾರೆಂದು ತಿಳಿದೊಡನೆ ನಾವು ಮನವಿ ಪತ್ರ ಸಿದ್ಧಪಡಿಸುತ್ತೇವೆ. ಕಬರಸ್ಥಾನದ ಆವರಣ ಗೋಡೆ, ಶಾದಿಮಹಲ್‌ಗೆ ಅನುದಾನ, ಮೊಹಲ್ಲಾದ ಚರಂಡಿ, ಉರ್ದು ಶಾಲೆಯಲ್ಲಿ ಖಾಲಿ ಬಿದ್ದಿರುವ ಹುದ್ದೆ, ನಿಂತುಹೋದ ವಿದ್ಯಾರ್ಥಿವೇತನ ಎಲ್ಲವೂ ಅದರಲ್ಲಿರುತ್ತವೆ. ಶಾಲು ಹೊದಿಸಿ, ಹಾರ ಹಾಕಿ, ಫೋಟೋ ತೆಗೆಸಿಕೊಂಡು, ಮರುದಿನ ಪತ್ರಿಕೆಯಲ್ಲಿ ನಾಲ್ಕು ಸಾಲು ಬಂದರೆ ನಮ್ಮ ರಾಜಕೀಯ ಕರ್ತವ್ಯ ಮುಗಿಯಿತೆಂದು ಭಾವಿಸುತ್ತೇವೆ. ಇವುಗಳಲ್ಲಿ ಅನಗತ್ಯವಾದ ಬೇಡಿಕೆ ಒಂದೂ ಇಲ್ಲ. ಆದರೆ ಸಂಸದರನ್ನು ನಾವು ದಿಲ್ಲಿಗೆ ಕಳುಹಿಸಿರುವುದು ಮೊದಲನೆಯದಾಗಿ ಗೋಡೆ ಕಟ್ಟಿಸಲಿಕ್ಕಲ್ಲ, ಶಾಸನ ರಚಿಸಲಿಕ್ಕೆ. ಕಳೆದ ಅಧಿವೇಶನದಲ್ಲಿ ಯಾವ ಮಸೂದೆಯನ್ನು ಬೆಂಬಲಿಸಿದಿರಿ, ಯಾವುದನ್ನು ವಿರೋಧಿಸಿದಿರಿ, ಯಾವುದರ ಬಗ್ಗೆ ತುಟಿ ಬಿಚ್ಚಲಿಲ್ಲ ಎಂದು ನಮ್ಮಲ್ಲಿ ಎಷ್ಟು ಮಂದಿ ಅವರನ್ನು ಕೇಳಿದ್ದೇವೆ? ಈ ಒಂದು ಪ್ರಶ್ನೆಯನ್ನು ನಾವು ಕೇಳದೇ ಹೋದುದರಿಂದ ಕಳೆದುಕೊಂಡಿರುವುದೇನು ಎಂಬುದೇ ಈ ಲೇಖನದ ವಿಷಯ.

2023ರ ಡಿಸೆಂಬರ್ ತಿಂಗಳನ್ನು ನೆನಪಿಸಿಕೊಳ್ಳೋಣ. ಆ ತಿಂಗಳ 13ರಂದು ಸಂಸತ್ ಭವನದಲ್ಲಿ ಗಂಭೀರ ಭದ್ರತಾ ಲೋಪವಾಯಿತು. ಗೃಹ ಸಚಿವರು ಸದನದಲ್ಲಿ ಹೇಳಿಕೆ ನೀಡಬೇಕೆಂದು ಪಟ್ಟು ಹಿಡಿದ ಪ್ರತಿಪಕ್ಷಗಳ ಸದಸ್ಯರನ್ನು ಸಾಲು ಸಾಲಾಗಿ ಅಮಾನತುಗೊಳಿಸಲಾಯಿತು. ಅಧಿವೇಶನ ಮುಗಿಯುವ ವೇಳೆಗೆ ಎರಡೂ ಸದನಗಳಿಂದ ಹೊರಗಿದ್ದವರ ಸಂಖ್ಯೆ 146. ಹೀಗೆ ಬರಿದಾದ ಆಸನಗಳ ಎದುರು, 18ರಂದು ಮಂಡನೆಯಾದ ದೂರಸಂಪರ್ಕ ಮಸೂದೆಯು 20ರಂದು ಲೋಕಸಭೆಯಲ್ಲೂ 21ರಂದು ರಾಜ್ಯಸಭೆಯಲ್ಲೂ ಅಂಗೀಕಾರ ಪಡೆಯಿತು. 24ರಂದು ರಾಷ್ಟ್ರಪತಿಗಳ ಅಂಕಿತವೂ ದೊರೆಯಿತು. 1898ರ ಅಂಚೆ ಕಾಯ್ದೆಯ ಬದಲಿಗೆ ತಂದ ಹೊಸ ಅಂಚೆ ಮಸೂದೆಗೆ ಲೋಕಸಭೆಯ ಒಪ್ಪಿಗೆ ಸಿಕ್ಕಿದ್ದು ಅದೇ 18ರಂದು. ದೇಶದ ಸಮಸ್ತ ಪ್ರಜೆಗಳ ಮಾತು, ಪತ್ರ, ಸಂದೇಶಗಳಿಗೆ ಸಂಬಂಧಿಸಿದ ಎರಡು ಶಾಸನಗಳು ಒಂದೇ ವಾರದಲ್ಲಿ ಹುಟ್ಟಿದವು. ಆ ವಾರ ನಮ್ಮ ಮನೆಗಳಲ್ಲಿ, ಮಸೀದಿಯ ಅಂಗಳಗಳಲ್ಲಿ, ಅಂಗಡಿ ಜಗಲಿಗಳಲ್ಲಿ ಈ ಬಗ್ಗೆ ಒಂದು ಮಾತಾದರೂ ನಡೆಯಿತೇ?

ಈ ಕಾನೂನುಗಳು ಏನು ಹೇಳುತ್ತವೆ ಎಂಬುದನ್ನು ಸರಳವಾಗಿ ತಿಳಿದುಕೊಳ್ಳಬೇಕು. ದೂರಸಂಪರ್ಕ ಕಾಯ್ದೆಯ 20ನೇ ಕಲಮಿನ ಪ್ರಕಾರ, ಸಾರ್ವಜನಿಕ ತುರ್ತು ಪರಿಸ್ಥಿತಿಯಲ್ಲಿ ಅಥವಾ ಸಾರ್ವಜನಿಕ ಸುರಕ್ಷೆಯ ಹೆಸರಿನಲ್ಲಿ ಸರಕಾರವು ಯಾವುದೇ ವ್ಯಕ್ತಿಯ ಸಂದೇಶವನ್ನು ತಡೆಯಬಹುದು, ನಡುವೆ ಹಿಡಿದು ಓದಬಹುದು, ಸೇವೆಯನ್ನೇ ಸ್ಥಗಿತಗೊಳಿಸಬಹುದು. 'ಸಂದೇಶ'ವೆಂದರೆ ಫೋನಿನ ಮಾತು ಮಾತ್ರವಲ್ಲ. ಬರಹ, ಚಿತ್ರ, ವೀಡಿಯೊ, ದತ್ತಾಂಶ ಎಲ್ಲವೂ ಅದರೊಳಗೆ ಬರುತ್ತವೆ. ಅಧಿಸೂಚನೆ ಹೊರಡಿಸಿದ ಸೇವೆಗಳಲ್ಲಿ ಗ್ರಾಹಕನ ಗುರುತನ್ನು ಜೈವಿಕ ಗುರುತಿನ ಮೂಲಕವೇ ಖಚಿತಪಡಿಸಿಕೊಳ್ಳಬೇಕೆಂಬ ನಿಯಮವೂ ಕಾಯ್ದೆಯಲ್ಲಿದೆ. ಅಂಚೆ ಕಾಯ್ದೆಯ 9ನೇ ಕಲಮು ಅಂಚೆಯ ವಸ್ತುಗಳನ್ನು ತಡೆದು, ತೆರೆದು ನೋಡುವ ಅಧಿಕಾರವನ್ನು ಕೊಡುತ್ತದೆ. ಈ ಅಧಿಕಾರವನ್ನು ಬಳಸುವಾಗ ಯಾವ ಕ್ರಮ ಪಾಲಿಸಬೇಕು, ದುರುಪಯೋಗವಾದರೆ ಯಾರು ವಿಚಾರಿಸಬೇಕು ಎಂಬುದನ್ನು ಆ ಕಲಮು ಹೇಳುವುದಿಲ್ಲ. ಅದೇ 2023ರ ಆಗಸ್ಟ್‌ನಲ್ಲಿ ಬಂದ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯು ಖಾಸಗಿ ಕಂಪೆನಿಗಳನ್ನು ನಿಯಮದೊಳಗೆ ತಂದಿತು ನಿಜ. ಆದರೆ ಸರಕಾರವು ತನಗೆ ಬೇಕಾದ ಸಂಸ್ಥೆಯನ್ನು ಒಂದು ಅಧಿಸೂಚನೆಯಿಂದ ಇಡೀ ಕಾಯ್ದೆಯ ಹೊರಗಿಡಬಹುದು. ಬೇಲಿ ಹಾಕುವವನೇ ತನಗೊಂದು ಗುಪ್ತ ದಾರಿ ಬಿಟ್ಟುಕೊಂಡರೆ ಅದನ್ನು ಬೇಲಿ ಎನ್ನಬಹುದೇ?

ಅಂಚೆಯ ವಿಷಯದಲ್ಲಿ ಇತಿಹಾಸ ನಮಗೊಂದು ಪಾಠ ಹೇಳುತ್ತದೆ. 1986ರಲ್ಲಿ ರಾಜೀವ್ ಗಾಂಧಿಯವರ ಸರಕಾರವು ಪ್ರಜೆಗಳ ಪತ್ರಗಳನ್ನು ತೆರೆದು ನೋಡುವ ವಿಶಾಲ ಅಧಿಕಾರವುಳ್ಳ ಅಂಚೆ ತಿದ್ದುಪಡಿ ಮಸೂದೆಯನ್ನು ಸಂಸತ್ತಿನಲ್ಲಿ ಪಾಸು ಮಾಡಿಸಿತು. ಆಗ ಆ ಸರಕಾರಕ್ಕಿದ್ದದ್ದು ಲೋಕಸಭೆಯಲ್ಲಿ ನಾನೂರಕ್ಕೂ ಮಿಕ್ಕಿದ ಸ್ಥಾನಗಳು. ಆದರೂ ಪತ್ರಿಕೆಗಳು ಪ್ರತಿಭಟಿಸಿದವು, ವಿರೋಧ ಪಕ್ಷಗಳು ಪ್ರತಿಭಟಿಸಿದವು. ರಾಷ್ಟ್ರಪತಿ ಜೈಲ್ ಸಿಂಗ್ ಅದಕ್ಕೆ ಸಹಿ ಹಾಕಲಿಲ್ಲ. ವರ್ಷಗಟ್ಟಲೆ ಕಪಾಟಿನಲ್ಲಿ ಕುಳಿತ ಆ ಮಸೂದೆಯನ್ನು ಕೊನೆಗೆ 2002ರಲ್ಲಿ ಹಿಂಪಡೆಯಲಾಯಿತು. ಪ್ರಚಂಡ ಬಹುಮತದ ಸರಕಾರವೊಂದು 1986ರಲ್ಲಿ ಪಡೆಯಲಾಗದೇ ಹೋದ ಅಧಿಕಾರವು 2023ರಲ್ಲಿ ಸದ್ದಿಲ್ಲದೆ ಕೈಗೆ ಬಂತು. ಈ ಎರಡು ವರ್ಷಗಳ ನಡುವೆ ಬದಲಾದದ್ದು ಸರಕಾರಗಳ ಹಸಿವಲ್ಲ. ಪ್ರಜೆಗಳ ಧ್ವನಿ ಬದಲಾಗಿದೆ.

ಇದನ್ನು ಒಂದು ಪಕ್ಷದ ವಿರುದ್ಧದ ದೂರೆಂದು ಯಾರೂ ಭಾವಿಸಬಾರದು. ಮುಂಬೈ ದಾಳಿಯ ನಂತರ, 2008ರ ಡಿಸೆಂಬರ್ 22ರಂದು ಮಾಹಿತಿ ತಂತ್ರಜ್ಞಾನ ಕಾಯ್ದೆಯ ತಿದ್ದುಪಡಿಯು ಲೋಕಸಭೆಯಲ್ಲಿ ಗದ್ದಲದ ನಡುವೆ ಚರ್ಚೆಯೇ ಇಲ್ಲದೆ ಅಂಗೀಕಾರವಾದಾಗ ಅಧಿಕಾರದಲ್ಲಿದ್ದದ್ದು ಯುಪಿಎ ಸರಕಾರ. 1885ರ ಟೆಲಿಗ್ರಾಫ್ ಕಾಯ್ದೆಯಲ್ಲಿ ಬ್ರಿಟಿಷರು ಕೂಡ ಇಟ್ಟಿದ್ದ 'ಸಾರ್ವಜನಿಕ ತುರ್ತು ಪರಿಸ್ಥಿತಿ' ಅಥವಾ 'ಸಾರ್ವಜನಿಕ ಸುರಕ್ಷೆ' ಎಂಬ ಷರತ್ತನ್ನು ಕಂಪ್ಯೂಟರ್ ಮತ್ತು ಅಂತರ್ಜಾಲದ ಮಟ್ಟಿಗೆ ಆ ಕಾಯ್ದೆಯ 69ನೇ ಕಲಮು ಉಳಿಸಲಿಲ್ಲ. ಯಾವುದೇ ಅಪರಾಧದ ತನಿಖೆ ಎಂದರೂ ಸಾಕು. ಗೂಢಲಿಪಿಯನ್ನು ಬಿಡಿಸಿಕೊಡಲು ನಿರಾಕರಿಸಿದವನಿಗೆ ಏಳು ವರ್ಷಗಳ ತನಕ ಸೆರೆವಾಸ. ಹತ್ತು ವರ್ಷಗಳ ನಂತರ, 2018ರ ಡಿಸೆಂಬರ್ 20ರಂದು, ಎನ್‌ಡಿಎ ಸರಕಾರದ ಗೃಹ ಸಚಿವಾಲಯವು ಇದೇ ಕಲಮಿನಡಿ ಹತ್ತು ಸಂಸ್ಥೆಗಳಿಗೆ ಕಂಪ್ಯೂಟರ್‌ಗಳ ಮೇಲೆ ನಿಗಾ ಇಡುವ ಅಧಿಕಾರವನ್ನು ಹೆಸರಿಸಿ ಆದೇಶ ಹೊರಡಿಸಿತು. ಟೀಕೆ ಬಂದಾಗ, ಕಾನೂನು ಮಾಡಿದವರು ನೀವೇ ಅಲ್ಲವೇ ಎಂದು ಆಡಳಿತ ಪಕ್ಷ ಪ್ರತಿಪಕ್ಷವನ್ನು ಪ್ರಶ್ನಿಸಿತು. ಉತ್ತರ ಕೊಡುವುದು ಪ್ರತಿಪಕ್ಷಕ್ಕೆ ಸುಲಭವಾಗಿರಲಿಲ್ಲ. ಒಬ್ಬರು ಕತ್ತಿ ಹದಮಾಡುತ್ತಾರೆ, ಇನ್ನೊಬ್ಬರು ಬೀಸುತ್ತಾರೆ. ಪೆಟ್ಟು ತಿನ್ನುವವರು ಮಾತ್ರ ಯಾವಾಗಲೂ ನಾವೇ.

ಅಪರಾಧಿಗಳ, ಭಯೋತ್ಪಾದಕರ ಮೇಲೆ ನಿಗಾ ಬೇಡವೇ ಎಂಬ ಪ್ರಶ್ನೆ ಸಹಜ. ಖಂಡಿತ ಬೇಕು. ಬಾಂಬಿಗೆ ಜಾತಿ ಧರ್ಮಗಳ ಭೇದವಿಲ್ಲ. ಅದರಲ್ಲಿ ಸಾಯುವವರೂ ಅಮಾಯಕರೇ. ನಮ್ಮ ಆಕ್ಷೇಪವಿರುವುದು ನಿಗಾ ಇಡಲು ಅನುಮತಿ ಕೊಡುವವರು ಯಾರು ಎಂಬುದರಲ್ಲಿ. ಪೊಲೀಸರು ನಮ್ಮ ಮನೆಯನ್ನು ಶೋಧಿಸಬೇಕಾದರೆ ಸಾಮಾನ್ಯವಾಗಿ ನ್ಯಾಯಾಲಯದ ವಾರಂಟ್ ಬೇಕು. ಆದರೆ ನಮ್ಮ ಫೋನನ್ನು ತಿಂಗಳುಗಟ್ಟಲೆ ಆಲಿಸಲು ಯಾವ ನ್ಯಾಯಾಧೀಶರ ಸಹಿಯೂ ಬೇಡ. ಕೇಂದ್ರದಲ್ಲಿ ಗೃಹ ಕಾರ್ಯದರ್ಶಿ, ರಾಜ್ಯದಲ್ಲಿ ಗೃಹ ಇಲಾಖೆಯ ಕಾರ್ಯದರ್ಶಿ ಆದೇಶ ಹೊರಡಿಸುತ್ತಾರೆ. ಆದೇಶ ಸರಿಯೇ ತಪ್ಪೇ ಎಂದು ಪರಿಶೀಲಿಸುವ ಸಮಿತಿಯಲ್ಲೂ ಇರುವವರು ಕಾರ್ಯದರ್ಶಿಗಳೇ. 1996ರ ಡಿಸೆಂಬರ್‌ನಲ್ಲಿ ಪಿಯುಸಿಎಲ್ ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಮ್ ಕೋರ್ಟ್ ಈ ವ್ಯವಸ್ಥೆಯನ್ನು ರೂಪಿಸಿ, ಆದೇಶವು ಎರಡು ತಿಂಗಳಿಗೆ ಸೀಮಿತವಾಗಬೇಕು, ವಿಸ್ತರಿಸಿದರೂ ಆರು ತಿಂಗಳು ಮೀರಬಾರದು ಎಂದು ಕಟ್ಟುಪಾಡು ಹಾಕಿತು. 2024ರ ಡಿಸೆಂಬರ್‌ನಲ್ಲಿ ಪ್ರಕಟವಾದ ಹೊಸ ನಿಯಮಗಳಲ್ಲೂ ಪರಿಶೀಲನೆ ಅಧಿಕಾರಿಗಳ ವಲಯದೊಳಗೇ ಉಳಿದಿದೆ.

ಈ ಪರಿಶೀಲನೆಯ ಯೋಗ್ಯತೆ ಏನೆಂಬುದನ್ನು ಸರಕಾರವೇ ನೇಮಿಸಿದ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಸಮಿತಿಯ 2018ರ ವರದಿಯಿಂದ ತಿಳಿಯಬಹುದು. ಎರಡು ತಿಂಗಳಿಗೊಮ್ಮೆ ಸೇರುವ ಸಮಿತಿಯ ಮುಂದೆ ಒಂದೊಂದು ಸಭೆಯಲ್ಲಿ 15 ಸಾವಿರದಿಂದ 18 ಸಾವಿರ ಆದೇಶಗಳು ಬರುತ್ತವೆ, ಇದು ಅಸಾಧ್ಯವಾದ ಹೊರೆ ಎಂದು ಆ ವರದಿ ಹೇಳಿತು. ನಾವೇ ಲೆಕ್ಕ ಹಾಕಿ ನೋಡೋಣ. ಸಮಿತಿಯು ಊಟ, ಚಹಾ, ನಮಾಝು, ಪೂಜೆ ಯಾವುದಕ್ಕೂ ಏಳದೆ ಎಂಟು ಗಂಟೆ ಕುಳಿತಿತೆಂದೇ ಇಟ್ಟುಕೊಳ್ಳಿ. ಎಂಟು ಗಂಟೆ ಎಂದರೆ 28,800 ಸೆಕೆಂಡುಗಳು. ಒಂದು ಆದೇಶಕ್ಕೆ ಎರಡು ಸೆಕೆಂಡು ಕೂಡ ಸಿಗುವುದಿಲ್ಲ. ಒಬ್ಬ ಪ್ರಜೆಯ ತಿಂಗಳುಗಳ ಮಾತುಕತೆಯನ್ನು ಆಲಿಸಿದ್ದು ನ್ಯಾಯವೋ ಅನ್ಯಾಯವೋ ಎಂಬ ತೀರ್ಮಾನಕ್ಕೆ ಕಣ್ಣು ಮಿಟುಕಿಸುವಷ್ಟು ಸಮಯ! ರೇಷನ್ ಅಂಗಡಿಯಲ್ಲಿ ಒಂದು ಕಾರ್ಡನ್ನು ಪರಿಶೀಲಿಸಲು ಇದಕ್ಕಿಂತ ಹೆಚ್ಚು ಹೊತ್ತು ಬೇಕಾಗುತ್ತದೆ.

ಕದ್ದಾಲಿಕೆಯ ದುಷ್ಪರಿಣಾಮವನ್ನು ಕನ್ನಡಿಗರಿಗೆ ಹೊರಗಿನವರು ಬಂದು ಹೇಳಬೇಕಾಗಿಲ್ಲ. 1988ರ ಆಗಸ್ಟ್‌ನಲ್ಲಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ರಾಜೀನಾಮೆ ನೀಡಿದ್ದು ದೂರವಾಣಿ ಕದ್ದಾಲಿಕೆಯ ಪ್ರಕರಣದಲ್ಲೇ. 2019ರಲ್ಲಿ ಸಮ್ಮಿಶ್ರ ಸರಕಾರ ಪತನವಾದ ಬಳಿಕ, ಆ ಅವಧಿಯಲ್ಲಿ ರಾಜಕಾರಣಿಗಳ, ಅಧಿಕಾರಿಗಳ ಫೋನ್ ಕದ್ದಾಲಿಸಲಾಗಿತ್ತೆಂಬ ಆರೋಪ ಬಂತು. ಹೊಸ ಸರಕಾರ ತನಿಖೆಯನ್ನು ಸಿಬಿಐಗೆ ಒಪ್ಪಿಸಿತು. 2021ರ ಜುಲೈಯಲ್ಲಿ ಪೆಗಾಸಸ್ ಎಂಬ ಇಸ್ರೇಲಿ ಗೂಢ ತಂತ್ರಾಂಶದ ಕಥೆ ಹೊರಬಂದಾಗ, ಗುರಿಯಾಗಿದ್ದಿರಬಹುದಾದ ಸಂಖ್ಯೆಗಳ ಪಟ್ಟಿಯಲ್ಲಿ ಅದೇ ಸಮ್ಮಿಶ್ರ ಸರಕಾರದ ಪ್ರಮುಖರಿಗೂ ಅವರ ಆಪ್ತ ಸಹಾಯಕರಿಗೂ ಸೇರಿದ ಸಂಖ್ಯೆಗಳಿದ್ದವೆಂದು ಮಾಧ್ಯಮಗಳು ವರದಿ ಮಾಡಿದವು. ಸುಪ್ರೀಮ್ ಕೋರ್ಟ್ ನೇಮಿಸಿದ ತಾಂತ್ರಿಕ ಸಮಿತಿಯು 29 ಫೋನ್‌ಗಳನ್ನು ಪರೀಕ್ಷಿಸಿ 5ರಲ್ಲಿ ಹಾನಿಕಾರಕ ತಂತ್ರಾಂಶವನ್ನು ಕಂಡಿತು. ಅದು ಪೆಗಾಸಸ್ಸೇ ಎಂದು ಖಚಿತಪಡಿಸಲಾಗಲಿಲ್ಲ. ಕೇಂದ್ರ ಸರಕಾರ ಸಮಿತಿಗೆ ಸಹಕರಿಸಲಿಲ್ಲವೆಂದು 2022ರ ಆಗಸ್ಟ್‌ನಲ್ಲಿ ನ್ಯಾಯಪೀಠವೇ ಬಹಿರಂಗವಾಗಿ ಹೇಳಿತು. ಮುಖ್ಯಮಂತ್ರಿಗಳ ಕಚೇರಿಯ ಸುತ್ತಲೇ ಸಂಶಯದ ಹೊಗೆ ಆಡುವಾಗ, ಸಣ್ಣ ಪಟ್ಟಣದ ಜವಳಿ ವ್ಯಾಪಾರಿಯ, ಮದ್ರಸಾ ಅಧ್ಯಾಪಕನ, ಕಾಲೇಜು ಹುಡುಗಿಯ ಫೋನಿಗೆ ರಕ್ಷಣೆ ಯಾರದು?

ನಮ್ಮಲ್ಲಿ ಬಹಳಷ್ಟು ಮಂದಿ ಇಲ್ಲೇ ಒಂದು ಮಾತು ಹೇಳಿ ಕೈ ತೊಳೆದುಕೊಳ್ಳುತ್ತಾರೆ: "ನಾವೇನು ಕಳ್ಳತನ ಮಾಡಿದ್ದೇವೆಯೇ? ಮುಚ್ಚಿಡುವಂಥದ್ದೇನಿದೆ? ಕೇಳಿಸಿಕೊಳ್ಳಲಿ ಬಿಡಿ." ಈ ಮಾತನ್ನು ಆಡುವವರ ಮನೆಯ ಕಿಟಕಿಗೂ ಪರದೆಯಿದೆ. ಅವರೂ ಬಾಗಿಲು ಮುಚ್ಚಿಯೇ ಮಗಳ ಸಂಬಂಧದ ಮಾತುಕತೆ ನಡೆಸುತ್ತಾರೆ. ಹೆಂಡತಿಯ ಕಾಯಿಲೆಯ ವರದಿಯನ್ನು ಬೀದಿಯಲ್ಲಿ ಓದಿ ಹೇಳುವುದಿಲ್ಲ. ಝಕಾತ್ ಕೊಡುವಾಗ ಪಡೆಯುವವನ ಮಾನ ಹೋಗದಿರಲೆಂದು ಕತ್ತಲಾದ ಮೇಲೆ ಹೋಗಿ ಕೊಟ್ಟು ಬರುತ್ತಾರೆ. ಇವುಗಳಲ್ಲಿ ಯಾವುದು ಅಪರಾಧ? ಮನುಷ್ಯ ಮುಚ್ಚಿಡುವುದೆಲ್ಲವೂ ಪಾಪವಲ್ಲ, ಹೆಚ್ಚಿನದು ಮಾನ. ಮೇಲಾಗಿ ನಿಗಾದ ಅಪಾಯ ಇರುವುದು ನಾವು ಏನು ಮಾಡಿದೆವೆಂಬುದರಲ್ಲಿ ಮಾತ್ರವಲ್ಲ, ನೋಡುವವನು ಅದಕ್ಕೆ ಕೊಡುವ ಅರ್ಥದಲ್ಲೂ ಇದೆ. 2012ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಭಯೋತ್ಪಾದನಾ ಸಂಚಿನ ಆರೋಪದಲ್ಲಿ ಬಂಧಿತರಾದವರಲ್ಲಿ ಓರ್ವ ಯುವ ಪತ್ರಕರ್ತನೂ ಇದ್ದ. ದಿನಗಟ್ಟಲೆ ಅವನನ್ನು 'ಸೂತ್ರಧಾರ'ನೆಂದು ಬಣ್ಣಿಸಿ ಸುದ್ದಿಗಳು ಬಂದವು. ಆತನ ವಿರುದ್ಧ ದೋಷಾರೋಪ ಹೊರಿಸುವಷ್ಟು ಸಾಕ್ಷ್ಯ ತನಿಖಾ ಸಂಸ್ಥೆಗೆ ಸಿಗಲಿಲ್ಲ. ಸುಮಾರು ಆರು ತಿಂಗಳ ಸೆರೆವಾಸದ ನಂತರ, 2013ರ ಫೆಬ್ರವರಿಯಲ್ಲಿ, ಆತ ಹೊರಬಂದ. ಮುಚ್ಚಿಡುವುದಕ್ಕೆ ಅವನಲ್ಲೂ ಏನೂ ಇರಲಿಲ್ಲ. ಆದರೆ ಕಳೆದುಕೊಳ್ಳುವುದಕ್ಕೆ ಬಹಳಷ್ಟಿತ್ತು. ಯಾರೊಡನೆ ಮಾತಾಡಿದೆ, ಎಷ್ಟು ಹೊತ್ತು ಮಾತಾಡಿದೆ, ಯಾರೊಡನೆ ಒಂದೇ ಕೋಣೆಯಲ್ಲಿ ವಾಸಿಸಿದೆ ಎಂಬುದೇ ಸಂಶಯಕ್ಕೆ ಸಾಕಾಗುವ ಕಾಲದಲ್ಲಿ 'ನಮಗೇನು' ಎಂಬುದು ಧೈರ್ಯದ ಮಾತಲ್ಲ, ಅಜ್ಞಾನದ ಮಾತು.

ಗೂಢಚರ್ಯೆ ನಮ್ಮ ಪಾಲಿಗೆ ಬರೀ ಕಾನೂನಿನ ಪ್ರಶ್ನೆಯೂ ಅಲ್ಲ. ಅತಿ ಸಂಶಯ, ಪರರ ಗುಟ್ಟನ್ನು ಕೆದಕುವುದು ಮತ್ತು ಪರದೂಷಣೆ ಈ ಮೂರನ್ನೂ ಪವಿತ್ರ ಕುರ್‌ಆನ್ ಅಲ್ ಹುಜುರಾತ್ ಅಧ್ಯಾಯದಲ್ಲಿ ಒಂದೇ ಉಸಿರಿನಲ್ಲಿ ನಿಷೇಧಿಸಿದೆ. ಖಲೀಫಾ ಉಮರ್(ರ) ಅವರ ಬಗ್ಗೆ ಪ್ರಸಿದ್ಧವಾದ ವೃತ್ತಾಂತವೊಂದಿದೆ. ರಾತ್ರಿ ಗಸ್ತಿನಲ್ಲಿದ್ದ ಅವರು ಒಂದು ಮನೆಯೊಳಗಿಂದ ಬಂದ ಸದ್ದು ಕೇಳಿ ಗೋಡೆ ಹತ್ತಿ ಇಳಿದರು. ಒಳಗಿದ್ದವನು ಮದ್ಯದೊಂದಿಗೆ ಸಿಕ್ಕಿಬಿದ್ದ. ಆದರೆ ಅವನು ಹೆದರದೆ ಖಲೀಫರಿಗೇ ಲೆಕ್ಕ ಒಪ್ಪಿಸಿದ: ತನ್ನದು ಒಂದು ತಪ್ಪು, ಖಲೀಫರದು ಮೂರು. ಗುಟ್ಟು ಕೆದಕಿದ್ದು, ಬಾಗಿಲು ಬಿಟ್ಟು ಗೋಡೆಯಿಂದ ಬಂದದ್ದು, ಅನುಮತಿ ಕೇಳದೆ ಒಳಹೊಕ್ಕದ್ದು. ಖಲೀಫರು ಅದನ್ನು ಒಪ್ಪಿ ಹಿಂದಿರುಗಿದರೆಂದು ಹೇಳಲಾಗುತ್ತದೆ. ಈ ವೃತ್ತಾಂತವನ್ನು ನಾವು ಖಲೀಫರ ವಿನಯದ ಉದಾಹರಣೆಯಾಗಿ ವೇದಿಕೆಗಳಲ್ಲಿ ಹೇಳುತ್ತೇವೆ. ಅದರ ಇನ್ನೊಂದು ಅರ್ಧವನ್ನು ಮರೆಯುತ್ತೇವೆ. ಆಳುವವನ ಎದುರು ನಿಂತು 'ನೀವು ಬಾಗಿಲಿನಿಂದ ಬರಲಿಲ್ಲ' ಎನ್ನುವ ಪ್ರಜೆಯೂ ಅಲ್ಲಿದ್ದ. ಇಂದು ನಮ್ಮಲ್ಲಿ ಕಾಣೆಯಾಗಿರುವವನು ಆ ಪ್ರಜೆ. ಅಂದಹಾಗೆ, ಇನ್ನೊಬ್ಬರ ಖಾಸಗಿ ಮಾತಿನ ಧ್ವನಿಮುದ್ರಿಕೆಯನ್ನು ಮೊಹಲ್ಲಾದ ವಾಟ್ಸ್‌ಆ್ಯಪ್ ಗುಂಪಿಗೆ ಹಂಚಿ ಆನಂದಿಸುವವರಿಗೆ ಸರಕಾರದ ಕದ್ದಾಲಿಕೆಯನ್ನು ಖಂಡಿಸುವ ನೈತಿಕ ಬಲ ಎಲ್ಲಿಂದ ಬಂದೀತು ಎಂಬ ಆತ್ಮಾವಲೋಕನವೂ ನಮಗೆ ಅಗತ್ಯ.

ನ್ಯಾಯಾಲಯವಿದೆಯಲ್ಲ ಎನ್ನುವವರಿದ್ದಾರೆ. ಇದೆ. ಖಾಸಗಿತನವು ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಸಾರಿತು. ಆ ತೀರ್ಪು ಯಾರ ಹೆಸರಿನಿಂದ ಪ್ರಸಿದ್ಧವಾಗಿದೆಯೋ ಆ ಕೆ.ಎಸ್. ಪುಟ್ಟಸ್ವಾಮಿಯವರು ನಮ್ಮ ಕರ್ನಾಟಕದ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಆಧಾರ್ ವಿರುದ್ಧ 2012ರಲ್ಲಿ ಅವರು ಅರ್ಜಿ ಹಾಕಿದಾಗ ವಯಸ್ಸು 86. ಆ ಇಳಿವಯಸ್ಸಿನಲ್ಲಿ ಒಬ್ಬ ಕನ್ನಡಿಗ 140 ಕೋಟಿ ಜನರಿಗೆ ಹಕ್ಕೊಂದನ್ನು ಗಳಿಸಿಕೊಟ್ಟು, 2024ರಲ್ಲಿ ನಿಧನರಾದರು. ನಿಗಾ ಇಡಬೇಕಾದರೆ ಕಾನೂನಿನ ಆಧಾರವಿರಬೇಕು, ಅದು ಅಗತ್ಯವಾಗಿರಬೇಕು, ಅಗತ್ಯಕ್ಕೆ ತಕ್ಕಷ್ಟೇ ಇರಬೇಕು ಎಂಬ ಅಳತೆಗೋಲನ್ನು ಆ ತೀರ್ಪು ಕೊಟ್ಟಿದೆ. ಆದರೆ ನ್ಯಾಯಾಲಯ ಕೊಡುವುದು ಅಳತೆಗೋಲನ್ನು. ಬಟ್ಟೆ ಹೊಲಿಯಬೇಕಾದುದು ಸಂಸತ್ತು. ಅಮೆರಿಕದಲ್ಲಿ ಫೋನ್ ಆಲಿಸಲು ನ್ಯಾಯಾಧೀಶರ ಆದೇಶ ಬೇಕು, ಆದೇಶಗಳ ಸಂಖ್ಯೆ ಪ್ರತಿವರ್ಷ ಪ್ರಕಟವಾಗುತ್ತದೆ. ಬ್ರಿಟನ್ 2016ರ ಕಾನೂನಿನಲ್ಲಿ ಸಚಿವರ ಸಹಿಯ ಮೇಲೆ ನ್ಯಾಯಿಕ ಆಯುಕ್ತರ ಒಪ್ಪಿಗೆಯನ್ನೂ ಕಡ್ಡಾಯ ಮಾಡಿದೆ. ಆ ದೇಶಗಳಲ್ಲಿ ದುರುಪಯೋಗವೇ ಇಲ್ಲವೆಂದು ನಾವು ಹೇಳುತ್ತಿಲ್ಲ. ಆದರೆ ಅಲ್ಲಿ ಬೀಗವೊಂದಿದೆ. ನಮ್ಮಲ್ಲಿ ಬೀಗದ ಕೈ ಕಳ್ಳನ ಕಾವಲಿಗೆ ನಿಂತವನ ಜೇಬಿನಲ್ಲೇ ಇದೆ.

ಹಾಗಾದರೆ ನಮ್ಮಿಂದ ಏನಾದೀತು? ಒಬ್ಬ ಸಾಮಾನ್ಯ ಮತದಾರ ಬರೆದ ಪತ್ರಕ್ಕೆ ದಿಲ್ಲಿ ಅಲುಗುತ್ತದೆಯೇ? ಅಲುಗಿದ ಉದಾಹರಣೆಗಳು ನಮ್ಮ ಕಣ್ಣೆದುರೇ ಇವೆ. 2015ರ ಸೆಪ್ಟೆಂಬರ್‌ನಲ್ಲಿ ಗೂಢಲಿಪೀಕರಣ ನೀತಿಯ ಕರಡೊಂದು ಹೊರಬಂತು. ಸಂದೇಶಗಳ ಪ್ರತಿಯನ್ನು 90 ದಿನಗಳ ತನಕ ಅಳಿಸದೆ ಇಟ್ಟುಕೊಳ್ಳಬೇಕೆಂದು ಅದು ಹೇಳಿತ್ತು. ಆಕ್ರೋಶ ಎಷ್ಟಿತ್ತೆಂದರೆ ಕೆಲವೇ ದಿನಗಳಲ್ಲಿ ಸರಕಾರ ಅದನ್ನು ಹಿಂಪಡೆಯಿತು. 2018ರಲ್ಲಿ ಸಾಮಾಜಿಕ ಮಾಧ್ಯಮಗಳ ಮೇಲೆ ಜಿಲ್ಲೆ ಜಿಲ್ಲೆಯಲ್ಲೂ ಕಣ್ಣಿಡುವ ಕೇಂದ್ರ ಸ್ಥಾಪಿಸಲು ಸರಕಾರ ಹೊರಟಾಗ ಸುಪ್ರೀಮ್ ಕೋರ್ಟಿನ ಬಾಗಿಲು ತಟ್ಟಿದವರು ಆಗ ಪಶ್ಚಿಮ ಬಂಗಾಳದ ಶಾಸಕಿಯಾಗಿದ್ದ ಮಹುವಾ ಮೊಯಿತ್ರಾ. ಆ ಆಗಸ್ಟ್‌ನಲ್ಲಿ ಯೋಜನೆಯನ್ನು ಕೈಬಿಟ್ಟಿರುವುದಾಗಿ ಸರಕಾರ ತಿಳಿಸಿತು. 2025ರ ನವೆಂಬರ್ 28ರಂದು, ಪ್ರತಿಯೊಂದು ಹೊಸ ಮೊಬೈಲ್‌ನಲ್ಲೂ ಸಂಚಾರ್ ಸಾಥಿ ಎಂಬ ಸರಕಾರಿ ಆ್ಯಪನ್ನು ಮೊದಲೇ ಅಳವಡಿಸಿ ಮಾರಬೇಕೆಂದು ದೂರಸಂಪರ್ಕ ಇಲಾಖೆ ಕಂಪೆನಿಗಳಿಗೆ ನಿರ್ದೇಶಿಸಿತು. ಸಂಸತ್ತಿನ ಚಳಿಗಾಲದ ಅಧಿವೇಶನ ಆರಂಭವಾಗಿತ್ತು. ಪ್ರತಿಪಕ್ಷಗಳ ಸದಸ್ಯರು ಪ್ರಶ್ನಿಸಿದರು, ಜನರು ಪ್ರಶ್ನಿಸಿದರು. ಡಿಸೆಂಬರ್ 3ರಂದು ಆ ಕಡ್ಡಾಯ ರದ್ದಾಯಿತು. ಒಂದು ವಾರವೂ ಹಿಡಿಯಲಿಲ್ಲ. 2023ರಲ್ಲಿ ಸದನ ಖಾಲಿಯಿದ್ದುದರಿಂದ ಕಾನೂನಾಯಿತು, 2025ರಲ್ಲಿ ಸದನ ಎಚ್ಚರವಿದ್ದುದರಿಂದ ಆದೇಶ ಹಿಂದಕ್ಕೆ ಹೋಯಿತು. ಇದಕ್ಕಿಂತ ಸ್ಪಷ್ಟವಾದ ಪಾಠ ಇನ್ನೇನು ಬೇಕು?

ಕಾನೂನು ಪಾಸಾಗಿ ಹೋದ ಮೇಲೆ ಬರೆದು ಫಲವೇನು ಎಂದು ನಿರಾಶರಾಗುವುದೂ ಸರಿಯಲ್ಲ. ಕಾಯ್ದೆಯಡಿ ಮಾಡುವ ನಿಯಮಗಳನ್ನು ಸಂಸತ್ತಿನ ಮುಂದೆ ಇಡಬೇಕಾಗುತ್ತದೆ. ಅವುಗಳಿಗೆ ತಿದ್ದುಪಡಿ ಸೂಚಿಸುವ ಹಕ್ಕು ಸದಸ್ಯರಿಗಿದೆ. ಪ್ರಶ್ನೆ ಕೇಳಿ ಲಿಖಿತ ಉತ್ತರ ಪಡೆಯಬಹುದು. ಖಾಸಗಿ ಮಸೂದೆ ಮಂಡಿಸಬಹುದು. ಬೇಹುಗಾರಿಕಾ ಸಂಸ್ಥೆಗಳನ್ನು ಸಂಸತ್ತಿಗೆ ಉತ್ತರದಾಯಿಯಾಗಿಸುವ ಇಂಥ ಒಂದು ಖಾಸಗಿ ಮಸೂದೆಯನ್ನು 2011ರಲ್ಲಿ ಮನೀಶ್ ತಿವಾರಿ ಮಂಡಿಸಿದ್ದರು. ಅವರು ಆಡಳಿತ ಪಕ್ಷದವರೇ ಆಗಿದ್ದರೂ ಅದು ಕಾನೂನಾಗಲಿಲ್ಲ. ಯಾಕೆಂದರೆ ಅದನ್ನು ಬೆಂಬಲಿಸಿರೆಂದು ಉಳಿದ ಸದಸ್ಯರ ಮನೆ ಬಾಗಿಲಿಗೆ ಹೋಗುವ ಮತದಾರರಿರಲಿಲ್ಲ. ಗುಪ್ತಚರ ಇಲಾಖೆಯಾಗಲಿ 'ರಾ' ಆಗಲಿ ಇಂದಿಗೂ ಸಂಸತ್ತು ರಚಿಸಿದ ಒಂದು ಕಾಯ್ದೆಯ ಬಲದ ಮೇಲೆ ನಿಂತಿಲ್ಲ ಎಂಬುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

ಆದ್ದರಿಂದ ಬರೆಯೋಣ. ಕರ್ನಾಟಕದಿಂದ ಲೋಕಸಭೆಗೆ 28, ರಾಜ್ಯಸಭೆಗೆ 12 ಮಂದಿ ಸದಸ್ಯರಿದ್ದಾರೆ. ಒಂದು ಪುಟ ಮೀರದ ಪತ್ರ ಸಾಕು. ಕನ್ನಡದಲ್ಲೇ ಇರಲಿ. ನಾವು ಯಾವ ಕ್ಷೇತ್ರದ, ಯಾವ ಊರಿನ ಮತದಾರರು ಎಂಬುದು ಮೊದಲ ಸಾಲಿನಲ್ಲೇ ಇರಲಿ. ದೇಶದ ಸಕಲ ಸಮಸ್ಯೆಗಳನ್ನೂ ತುಂಬದೆ ನಾಲ್ಕು ಬೇಡಿಕೆಗಳನ್ನು ಮಾತ್ರ ಇಡೋಣ. ಫೋನ್, ಪತ್ರ, ಸಂದೇಶಗಳನ್ನು ತಡೆದು ನೋಡುವ ಮೊದಲು ನ್ಯಾಯಾಧೀಶರ ಅನುಮತಿ ಕಡ್ಡಾಯವಾಗಲಿ. ಎಷ್ಟು ಆದೇಶಗಳು ಹೊರಟವೆಂಬ ಸಂಖ್ಯೆಯನ್ನು ಪ್ರತಿವರ್ಷ ಸಂಸತ್ತಿನ ಮುಂದಿಡಲಿ. ತನಿಖೆ ಮುಗಿದು ಆರೋಪ ಸಾಬೀತಾಗದಿದ್ದರೆ, ಆಲಿಸಲ್ಪಟ್ಟ ವ್ಯಕ್ತಿಗೆ ಅದನ್ನು ತಿಳಿಸಲಿ. ಬೇಹುಗಾರಿಕಾ ಸಂಸ್ಥೆಗಳಿಗೆ ಕಾನೂನಿನ ಚೌಕಟ್ಟೂ ಸಂಸತ್ತಿನ ಮೇಲುಸ್ತುವಾರಿಯೂ ಇರಲಿ. ಕೊನೆಯಲ್ಲಿ ಒಂದು ನೇರ ಪ್ರಶ್ನೆ ಇರಲಿ: ಈ ನಾಲ್ಕರ ಬಗ್ಗೆ ತಮ್ಮ ನಿಲುವೇನು? ಒಂದು ತಿಂಗಳಾದರೂ ಉತ್ತರ ಬಾರದಿದ್ದರೆ ಮತ್ತೊಂದು ಪತ್ರ ಬರೆಯೋಣ, ಅವರ ಕ್ಷೇತ್ರ ಕಚೇರಿಗೆ ನಾವೇ ಹೋಗೋಣ. ಬಂದ ಉತ್ತರವನ್ನು ಜೋಪಾನವಾಗಿಟ್ಟು ಮುಂದಿನ ಚುನಾವಣೆಯಲ್ಲಿ ಅವರಿಗೇ ತೋರಿಸೋಣ.

ಶಾಸಕರನ್ನೂ ಬಿಡಬೇಕಾಗಿಲ್ಲ. ಕದ್ದಾಲಿಕೆಯ ಆದೇಶ ಹೊರಡಿಸುವ ಅಧಿಕಾರ ರಾಜ್ಯದ ಗೃಹ ಇಲಾಖೆಗೂ ಇದೆ. ನಮ್ಮ ರಾಜ್ಯದಲ್ಲಿ ಕಳೆದ ವರ್ಷ ಇಂಥ ಎಷ್ಟು ಆದೇಶಗಳು ಹೊರಟವು, ಪರಿಶೀಲನಾ ಸಮಿತಿ ಎಷ್ಟು ಬಾರಿ ಸೇರಿತು, ಎಷ್ಟನ್ನು ರದ್ದುಪಡಿಸಿತು ಎಂದು ವಿಧಾನಸಭೆಯ 224 ಮಂದಿಯಲ್ಲಿ ಒಬ್ಬರಾದರೂ ಕೇಳಲಿ. ಪರಿಷತ್ತಿನಲ್ಲಿ ಪದವೀಧರರ, ಶಿಕ್ಷಕರ ಪ್ರತಿನಿಧಿಗಳಿದ್ದಾರೆ. ಅವರನ್ನು ಆರಿಸುವ ಓದಿದ ಮತದಾರರು ನಮ್ಮ ಮನೆಗಳಲ್ಲೂ ಇದ್ದಾರೆ. ಪಕ್ಷ ಯಾವುದೇ ಆಗಲಿ, ಇಂದು ಆಡಳಿತದಲ್ಲಿರುವವರು ನಾಳೆ ವಿರೋಧ ಪಕ್ಷದಲ್ಲಿರುತ್ತಾರೆ, ಆಗ ಅವರ ಫೋನಿಗೂ ಇದೇ ಕಾನೂನು ಅನ್ವಯವಾಗುತ್ತದೆ ಎಂಬುದನ್ನು ನೆನಪಿಸಿದರೆ ಸಾಕು. 2019ರ ನೆನಪು ಅವರಿಗೂ ಇದೆ.

ಪತ್ರ ಬರೆಯುವ ವಿಷಯದಲ್ಲಿ ನಮ್ಮ ಸಂಘಟನೆಗಳಿಗೂ ಒಂದು ಮಾತು ಹೇಳಬೇಕಾಗಿದೆ. ಅಧ್ಯಕ್ಷರ ಲೆಟರ್‌ಹೆಡ್‌ನಲ್ಲಿ ಹೋಗುವ ಒಂದು ಮನವಿಗಿಂತ ನೂರು ಮನೆಗಳಿಂದ ನೂರು ಬಗೆಯ ಅಕ್ಷರಗಳಲ್ಲಿ ಹೋಗುವ ಪತ್ರಗಳು ಹೆಚ್ಚು ತೂಗುತ್ತವೆ. ಅಚ್ಚು ಹಾಕಿಸಿದ ನಮೂನೆಗೆ ಸಾಲಾಗಿ ಸಹಿ ಹಾಕಿಸುವುದು ಸುಲಭ. ಆದರೆ ಓದುವವರಿಗೆ ಅದರ ಬೆಲೆ ಗೊತ್ತು. ತಾಯಂದಿರೂ ಸಹೋದರಿಯರೂ ಬರೆಯಲಿ. ಅವರ ಮಾತುಗಳೂ ಅವರ ಮಕ್ಕಳ ಚಿತ್ರಗಳೂ ಆ ಫೋನಿನಲ್ಲಿವೆ. ಮಸೀದಿಯ ಜಮಾಅತ್ ಸಮಿತಿ ಬಯಸಿದರೆ ಒಂದು ಭಾನುವಾರ ಸಂಜೆ ಮೇಜು, ಕಾಗದ, ಅಂಚೆ ಲಕೋಟೆಗಳನ್ನಿಟ್ಟು, ಬರೆಯಲು ಬಾರದ ಹಿರಿಯರಿಗೆ ಕಾಲೇಜು ಹುಡುಗರು ಬರೆದುಕೊಡುವಂತೆ ಮಾಡುವುದು ಕಷ್ಟದ ಕೆಲಸವಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಭಯ ಉಳಿದಿರುತ್ತದೆ ಎಂಬುದು ನಮಗೆ ಗೊತ್ತು. 'ಇಂಥ ವಿಷಯದಲ್ಲಿ ಮುಸ್ಲಿಮನೊಬ್ಬ ಪತ್ರ ಬರೆದರೆ ಅವನ ಹೆಸರೇ ಮೊದಲು ಪಟ್ಟಿ ಸೇರುತ್ತದೆ, ಸುಮ್ಮನಿರುವುದೇ ಕ್ಷೇಮ' ಎಂದು ಹಿರಿಯರು ಕಿವಿಯಲ್ಲಿ ಹೇಳುತ್ತಾರೆ. ಈ ಭಯ ಆಧಾರವಿಲ್ಲದ್ದು ಎಂದು ಹೇಳುವಷ್ಟು ನಾವು ಮುಗ್ಧರಲ್ಲ. ಆದರೆ ಯೋಚಿಸಿ ನೋಡಿ: ತನ್ನ ಪ್ರತಿನಿಧಿಗೆ ಪತ್ರ ಬರೆಯಲೂ ಪ್ರಜೆ ಹೆದರುತ್ತಾನೆಂದರೆ ನಿಗಾ ತನ್ನ ಕೆಲಸವನ್ನು ಆಗಲೇ ಮುಗಿಸಿದೆ. ಅದಕ್ಕೆ ಇನ್ನು ನಮ್ಮ ಫೋನನ್ನು ಆಲಿಸುವ ಅಗತ್ಯವೂ ಇಲ್ಲ, ನಾವೇ ನಮ್ಮ ಬಾಯಿಗೆ ಕಾವಲು ನಿಂತಿದ್ದೇವೆ. ಚುನಾಯಿತ ಪ್ರತಿನಿಧಿಗೆ ಹೆಸರು, ವಿಳಾಸ ಸಹಿತ ಬಹಿರಂಗವಾಗಿ ಪತ್ರ ಬರೆಯುವುದಕ್ಕಿಂತ ಸಂವಿಧಾನಬದ್ಧವಾದ, ಶಾಂತಿಯುತವಾದ ಕೆಲಸ ಇನ್ನೊಂದಿಲ್ಲ. ಅದರಲ್ಲಿ ಗುಟ್ಟೇ ಇಲ್ಲದಿರುವಾಗ ಕದ್ದಾಲಿಸಲು ಏನಿದೆ?

ಭಯಕ್ಕೆ ಮದ್ದು ಒಂಟಿತನವನ್ನು ಬಿಡುವುದು. ಇದು ಮುಸ್ಲಿಮರ ಬೇಡಿಕೆಯಲ್ಲ. ಜಮೀನಿಗಾಗಿ ಹೋರಾಡುವ ರೈತನದ್ದು, ಭ್ರಷ್ಟಾಚಾರ ಬಯಲಿಗೆಳೆಯುವ ಪತ್ರಕರ್ತನದ್ದು, ಕಕ್ಷಿದಾರನ ಗುಟ್ಟು ಕಾಯುವ ವಕೀಲರದ್ದು, ರೋಗಿಯ ಮಾನ ಕಾಯುವ ವೈದ್ಯರದ್ದು. ಪತ್ರ ಬರೆಯುವಾಗ ಪಕ್ಕದ ಮನೆಯ ಮೇಷ್ಟ್ರನ್ನು, ಎದುರು ಅಂಗಡಿಯ ಶೆಟ್ಟರನ್ನು, ಮಗಳ ಸಹಪಾಠಿಯ ತಂದೆಯನ್ನು ಕರೆದು ಕೇಳೋಣ. ಅವರಲ್ಲಿ ಕೆಲವರು ನಿರಾಕರಿಸಬಹುದು. ಹಲವರು ಕೂಡಿಕೊಳ್ಳುತ್ತಾರೆ. 1986ರಲ್ಲಿ ಪತ್ರಗಳನ್ನು ಒಡೆದು ನೋಡುವ ಕಾನೂನನ್ನು ತಡೆದದ್ದು ಒಂದು ಸಮುದಾಯದ ಧ್ವನಿಯಲ್ಲ, ದೇಶದ ಧ್ವನಿ.

ಮುಂದಿನ ಬಾರಿ ಸಂಸದರು ನಮ್ಮೂರಿಗೆ ಬಂದಾಗ ಕಬರಸ್ಥಾನದ ಗೋಡೆಯ ಮನವಿ ಇರಲಿ. ಸತ್ತವರಿಗೊಂದು ಗೋಡೆ ಬೇಕೇ ಬೇಕು. ಅದರ ಜೊತೆಗೆ ಬದುಕಿರುವವರ ಮನೆಯ ಗೋಡೆಗೆ ಕಿವಿ ಮೂಡುತ್ತಿರುವುದರ ಬಗ್ಗೆಯೂ ಒಂದು ಹಾಳೆ ಇರಲಿ. ಅವರು ಓದಿ ಸುಮ್ಮನಾದರೆ, 'ತಾವು ಆ ದಿನ ಸದನದಲ್ಲಿದ್ದಿರಾ? ಏನು ಹೇಳಿದಿರಿ?' ಎಂದು ವಿನಯದಿಂದ, ಆದರೆ ಎಲ್ಲರಿಗೂ ಕೇಳಿಸುವಂತೆ, ಕೇಳೋಣ. ನಮ್ಮ ಮಾತನ್ನು ಕದ್ದು ಕೇಳಲು ಇಷ್ಟೊಂದು ಆಸಕ್ತಿಯಿರುವ ವ್ಯವಸ್ಥೆಗೆ, ನಾವು ನೇರವಾಗಿ ಹೇಳುವುದನ್ನು ಒಮ್ಮೆ ಕೇಳಿಸಿಕೊಳ್ಳುವ ಅಭ್ಯಾಸವಾಗಲಿ.